ಹೊಸ ಕಾರಿನಲ್ಲಿ ಓಡುವ ಡೇಟಾ ಲಾಗರ್ 2011ರ ಕಾರಿಗೆ ಯಾಕೆ ಸರಿಯಾಗಿ ಕನೆಕ್ಟ್ ಆಗುತ್ತಿಲ್ಲ?

ಮೊದಲು ಒಂದು ಮಾತು. ಗ್ಯಾರೇಜಿನವರು ಹೇಳಿದರೆಂದು ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಿಸಬೇಡಿ. ಗಾಡಿ ಒಂದೇ ಸೆಲ್ಫ್‌ಗೆ ಚಾಲೂ ಆಗುತ್ತದೆ, ಚಾವಿ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಹತ್ತಿ ಆಮೇಲೆ ಆರುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಇಸಿಎಂ ತನ್ನ ಕೆಲಸ ಮಾಡುತ್ತಿದೆ. ಅಷ್ಟು ದುಡ್ಡು ಸುಮ್ನೆ ಹೋಗುತ್ತದೆ.

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ: ಸ್ಟೀರಿಂಗ್ ಕೆಳಗಿನ 16 ಪಿನ್ ಕಪ್ಲರ್‌ಗೆ (ಓಬಿಡಿ ಪೋರ್ಟ್) ಹಾಕಿ ಎಂಜಿನ್ ಮಾಹಿತಿ ಓದುವ ಲಾಗರ್‌ನ ಲೈಟ್ ಹತ್ತುತ್ತದೆ, ಫೋನಿಗೆ ಬ್ಲೂಟೂತ್ ಸೇರುತ್ತದೆ, ಆದರೆ ಆ್ಯಪ್ ಜಾಸ್ತಿ ಸಲ 'ಬಸ್ ಇನಿಟ್ ಎರರ್' (ಕಾರಿನೊಂದಿಗೆ ಮಾತು ಶುರುವಾಗಲಿಲ್ಲ) ಎಂದು ತೋರಿಸುತ್ತದೆ. ಒಮ್ಮೊಮ್ಮೆ ಸೇರಿದರೂ ಗದಗ ಬಿಟ್ಟು ಅಣ್ಣಿಗೇರಿ ಮುಟ್ಟುವುದರೊಳಗೆ ಕಟ್ ಆಗುತ್ತದೆ. ಅದೇ ಲಾಗರ್ ನಿಮ್ಮ ಭಾವನ ಹೊಸ ಕಾರಿನಲ್ಲಿ ಚೆನ್ನಾಗಿ ಓಡುತ್ತದೆ. ನಾನು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ಇಂಥ ಗಾಡಿಗಳು ನಮ್ಮ ಹತ್ತಿರ ಬರುತ್ತಲೇ ಇರುತ್ತವೆ.

ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ 'ಒಮ್ಮೊಮ್ಮೆ ಸೇರುತ್ತದೆ' ಅನ್ನುವ ಮಾತು. ಅದರಿಂದಲೇ ಅರ್ಧ ಅನುಮಾನ ಬಗೆಹರಿಯುತ್ತದೆ. ಒಂದು ಸಲ ಸೇರಿದೆ ಎಂದರೆ ಲಾಗರ್‌ಗೆ ಈ ಕಾರಿನ ಭಾಷೆ ಬರುತ್ತದೆ, ಇಸಿಎಂ ಉತ್ತರ ಕೊಡುತ್ತದೆ, ತಂತಿ ಪೂರ್ತಿ ತುಂಡಾಗಿಲ್ಲ. ಇನ್ನು ಉಳಿಯುವುದು ಸಡಿಲ ಪಿನ್, ಕೆಟ್ಟ ಅರ್ಥಿಂಗ್, ಫೋನ್ ಸೆಟ್ಟಿಂಗ್, ಇಲ್ಲವೇ ಅದೇ ತಂತಿಗೆ ಯಾರೋ ಜೋಡಿಸಿದ ಬೇರೆ ಸಾಮಾನು.

ಹೊಸ ಕಾರಿನಲ್ಲಿ ಓಡುತ್ತದಲ್ಲ ಎಂದು ಕೇಳಿದಿರಿ. ಹೊಸ ಕಾರುಗಳಲ್ಲಿ ಮಾಹಿತಿ ಸಾಗಿಸಲು ಕ್ಯಾನ್ ಬಸ್ ಎಂಬ ಜೋಡಣೆ ಇರುತ್ತದೆ, ಕಪ್ಲರ್‌ನ ಪಿನ್ 6 ಮತ್ತು 14ರ ಎರಡು ತಂತಿ. ಆ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನೇ ಓದುವುದರಿಂದ ಅರ್ಥಿಂಗ್ ಸ್ವಲ್ಪ ಕೆಟ್ಟಿದ್ದರೂ ಅದು ತಡೆದುಕೊಳ್ಳುತ್ತದೆ. ನಿಮ್ಮ ಆ್ಯಪ್ ಪ್ರೋಟೋಕಾಲ್ (ಕಾರು ಮಾತಾಡುವ ಭಾಷೆ) ಹೆಸರು 'ಕೆಡಬ್ಲ್ಯೂಪಿ' ಎಂದು ತೋರಿಸಿದ್ದರಿಂದ ನಿಮ್ಮದು ಕೆ-ಲೈನ್ ಗಾಡಿ. ಅಲ್ಲಿ ಮಾತೆಲ್ಲ ಪಿನ್ 7ರ ಒಂದೇ ತಂತಿಯಲ್ಲಿ. ಆ ತಂತಿಯ ವೋಲ್ಟೇಜನ್ನು ಅರ್ಥ್‌ಗೆ ಹೋಲಿಸಿ ಓದಬೇಕು: ಬ್ಯಾಟರಿ ವೋಲ್ಟೇಜಿನ ಶೇ. 30ಕ್ಕಿಂತ ಕೆಳಗಿದ್ದರೆ ಸೊನ್ನೆ, ಶೇ. 70ಕ್ಕಿಂತ ಮೇಲಿದ್ದರೆ ಒಂದು. ಅರ್ಥಿಂಗ್ ಅಲುಗಾಡಿದರೆ ಈ ಲೆಕ್ಕವೇ ತಪ್ಪುತ್ತದೆ. ಹಳೆಯ ಗಾಡಿ, ಎರೆ ಮಣ್ಣಿನ ಧೂಳು, ಮಳೆಗಾಲದ ತೇವ ಎಲ್ಲ ಸೇರಿದಾಗ ಬಾಡಿಗೆ ಬಿಗಿದ ಅರ್ಥ್ ಬೋಲ್ಟ್ ಕೆಳಗೆ ತುಕ್ಕು ಹಿಡಿಯುವುದು ಸಾಮಾನ್ಯ.

ಲೈಟ್ ಹತ್ತಿದ್ದನ್ನು ನಂಬಬೇಡಿ. ಪಿನ್ 16ರಲ್ಲಿ ಬ್ಯಾಟರಿಯ 12 ವೋಲ್ಟ್ ಯಾವಾಗಲೂ ಇರುತ್ತದೆ, 4 ಬಾಡಿ ಅರ್ಥ್, 5 ಸಿಗ್ನಲ್ ಅರ್ಥ್. ಲೈಟ್ ಹತ್ತಲು ಕರೆಂಟ್ ಮತ್ತು ಒಂದು ಅರ್ಥ್ ಸಾಕು. ಪಿನ್ 7ರ ಕಥೆ ಅದು ಹೇಳುವುದೇ ಇಲ್ಲ.

ಈಗ ಅಳತೆ ಮಾಡೋಣ. ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಕಪ್ಲರ್ ಅನ್ನು ಎದುರಿನಿಂದ, ಅಗಲದ ಬದಿ ಮೇಲೆ ಬರುವಂತೆ ನೋಡಿದರೆ ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನ ಸಾಲು 9ರಿಂದ 16. ಮೀಟರ್‌ನ ದಪ್ಪ ಮುಳ್ಳನ್ನು ಕಪ್ಲರ್ ಒಳಗೆ ತುರುಕಬೇಡಿ. ಒಳಗಿನ ಪಟ್ಟಿ ಅಗಲವಾಗಿ ಬಿಡುತ್ತದೆ, ಆಮೇಲೆ ಲಾಗರ್ ಹಾಕಿದರೂ ಹಿಡಿತ ಇರುವುದಿಲ್ಲ. ಎಷ್ಟೋ ಸೆಕೆಂಡ್ ಹ್ಯಾಂಡ್ ಗಾಡಿಗಳ ಪೋರ್ಟ್ ಹೀಗೇ ಹಾಳಾಗಿರುತ್ತದೆ. ತೆಳುವಾದ ಗುಂಡುಸೂಜಿ ಬಳಸಿ, ಅಕ್ಕಪಕ್ಕದ ಪಿನ್‌ಗೆ ತಾಗದಂತೆ ನೋಡಿಕೊಳ್ಳಿ. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಪಿನ್ 7ಕ್ಕೆ ಎಂದೂ ಹಚ್ಚಬೇಡಿ. ಬಲ್ಬ್ ಎಳೆಯುವ ಕರೆಂಟ್ ಇಸಿಎಂ ಒಳಗಿನ ಚಿಪ್ಪನ್ನು ಸುಡಬಹುದು, ಆಗ ನಿಜವಾಗಿಯೂ ಇಸಿಎಂ ಖರ್ಚು ಬರುತ್ತದೆ.

ಅರ್ಥಿಂಗ್‌ನಿಂದ ಶುರು ಮಾಡಿ. ಎಂಜಿನ್ ಚಾಲೂ ಇಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಆನ್ ಮಾಡಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಪಿನ್ 4ಕ್ಕೆ. 0.1 ವೋಲ್ಟ್‌ಗಿಂತ ಕಡಿಮೆ ಬರಬೇಕು. ಪಿನ್ 5ಕ್ಕೂ ಹಾಗೆಯೇ ನೋಡಿ. ಅರ್ಧ ವೋಲ್ಟ್ ಹತ್ತಿರ ಬಂದರೆ ಕಾರಣ ಬಹುತೇಕ ಅದೇ. ಗಾಡಿ ಆಫ್ ಮಾಡಿ ಕಂಟಿನ್ಯೂಟಿಯ 'ಬೀಪ್' ಕೇಳಿದರೆ ಸಾಲದು. ಒಂದೇ ಎಳೆ ಉಳಿದ ತಂತಿಯೂ ಬೀಪ್ ಹೊಡೆಯುತ್ತದೆ. ಲೋಡ್ ಇದ್ದಾಗಲೇ ಅದರ ಬಣ್ಣ ಬಯಲಾಗುವುದು. ಬಾಡಿ ಅರ್ಥ್ ಬೋಲ್ಟ್‌ಗಳನ್ನು ಬಿಚ್ಚಿ, ಪಾಲಿಶ್ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ಬ್ಯಾಟರಿಯಿಂದ ಗೇರ್‌ಬಾಕ್ಸ್‌ಗೆ ಹೋಗುವ ದಪ್ಪ ತಂತಿಯನ್ನೂ ಮರೆಯಬೇಡಿ.

ಆಮೇಲೆ ಪಿನ್ 7. ಲಾಗರ್ ಹಾಕಿಯೇ ಅಳೆಯಬೇಕು, ಕಪ್ಲರ್ ಹಿಂಬದಿಯಿಂದ ಸೂಜಿ ಚುಚ್ಚಿ. ಯಾಕೆಂದರೆ ಕೆ-ಲೈನ್‌ನ ವೋಲ್ಟೇಜನ್ನು ಮೇಲೆ ಎಳೆದು ಹಿಡಿಯುವ ರೆಸಿಸ್ಟರ್ ಎಷ್ಟೋ ಸಲ ಲಾಗರ್ ಒಳಗೇ ಇರುತ್ತದೆ. ಲಾಗರ್ ಇಲ್ಲದೆ ಸೊನ್ನೆ ತೋರಿಸಿದರೆ ಗಾಬರಿ ಬೇಡ. ಲಾಗರ್ ಹಾಕಿ, ಚಾವಿ ಆನ್ ಮಾಡಿ, ಏನೂ ಕಳಿಸದೆ ಸುಮ್ಮನಿದ್ದಾಗ ಬ್ಯಾಟರಿ ವೋಲ್ಟೇಜ್ ಹತ್ತಿರ ಇರಬೇಕು. ಐದಾರು ವೋಲ್ಟ್‌ಗೇ ನಿಂತಿದ್ದರೆ ಯಾವುದೋ ಒಂದು ಸಾಮಾನು ತಂತಿಯನ್ನು ಕೆಳಗೆ ಎಳೆಯುತ್ತಿದೆ. ನಿಮ್ಮ ಕಾರು ಹಿಂದೆ ಟ್ಯಾಕ್ಸಿ ಆಗಿತ್ತು ಎಂದಿದ್ದೀರಿ, ಅದಕ್ಕೇ ನನಗೆ ಇಲ್ಲಿ ಅನುಮಾನ. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿ ಪೋರ್ಟ್ ಹಿಂದೆ ನೋಡಿ. ಹಳೆಯ ಜಿಪಿಎಸ್ ಟ್ರ್ಯಾಕರ್, ಹೊರಗಿನ ಅಲಾರಂ, ಟೇಪ್ ಸುತ್ತಿದ ಜೋಡಣೆ ಏನಿದ್ದರೂ ಒಂದೊಂದಾಗಿ ಬಿಡಿಸಿ ಮತ್ತೆ ಅಳೆಯಿರಿ.

ಓಡುತ್ತಿರುವಾಗ ಕಟ್ ಆಗುವುದಕ್ಕೆ ಇನ್ನೊಂದು ಕಾರಣ ಫೋನ್. ಕೆ-ಲೈನ್‌ನಲ್ಲಿ 5 ಸೆಕೆಂಡ್ ಯಾವ ಪ್ರಶ್ನೆಯೂ ಬರದಿದ್ದರೆ ಇಸಿಎಂ ಮಾತು ಮುಗಿಯಿತೆಂದು ಸಂಪರ್ಕ ಬಿಡುತ್ತದೆ. ಇಂಥ ಲಾಗರ್‌ಗಳಲ್ಲಿ ಬಳಸುವ ಅಸಲಿ ಇಎಲ್‌ಎಂ 327 ಚಿಪ್ ನಡುನಡುವೆ ತಾನಾಗಿಯೇ ಒಂದು ಸಂದೇಶ ಕಳಿಸಿ ಸಂಪರ್ಕ ಉಳಿಸಿಕೊಳ್ಳುತ್ತದೆ. ಅಗ್ಗದ ನಕಲಿಗಳಲ್ಲಿ ಎಲ್ಲವೂ ಹಾಗೆ ಮಾಡುವುದಿಲ್ಲ. ಇತ್ತ ಫೋನಿನ ಸ್ಕ್ರೀನ್ ಆರಿದ ಮೇಲೆ ಬ್ಯಾಟರಿ ಸೇವರ್ ಆ್ಯಪ್ ಅನ್ನು ಮಲಗಿಸುತ್ತದೆ, ಪ್ರಶ್ನೆ ನಿಲ್ಲುತ್ತದೆ, ಕಟ್. ಒಂದು ಸಲ ಸ್ಕ್ರೀನ್ ಆರದಂತೆ ಇಟ್ಟುಕೊಂಡು ಓಡಿಸಿ ನೋಡಿ. ಕಟ್ ಆಗದಿದ್ದರೆ ಆ ಆ್ಯಪ್‌ಗೆ ಬ್ಯಾಟರಿ ಆಪ್ಟಿಮೈಸೇಷನ್ ತೆಗೆದುಹಾಕಿ. ಲಾಗ್ ಮಾಡುವ ಅಂತರವನ್ನೂ 5 ಸೆಕೆಂಡ್‌ಗಿಂತ ಜಾಸ್ತಿ ಇಡಬೇಡಿ.

ಆ್ಯಪ್‌ನಲ್ಲಿ ಪ್ರೋಟೋಕಾಲ್ 'ಆಟೋ'ದಲ್ಲಿದ್ದರೆ 4 ಇಲ್ಲವೇ 5ಕ್ಕೆ ಬದಲಿಸಿ. ಇಎಲ್‌ಎಂ ಲೆಕ್ಕದಲ್ಲಿ 4 ಎಂದರೆ ಕೆಡಬ್ಲ್ಯೂಪಿಯ ನಿಧಾನದ ಆರಂಭ, 5 ಎಂದರೆ ವೇಗದ ಆರಂಭ. ನಿಧಾನದ ಆರಂಭದಲ್ಲಿ ವಿಳಾಸ ಕಳಿಸಲಿಕ್ಕೇ 2 ಸೆಕೆಂಡ್ ಬೇಕು. ಹಾಗಾಗಿ ಕನೆಕ್ಟ್ ಬಟನ್ ಮೇಲಿಂದ ಮೇಲೆ ಒತ್ತಬೇಡಿ. ಎರರ್ ಬಂದರೆ ಚಾವಿ ಆಫ್ ಮಾಡಿ, ಸ್ವಲ್ಪ ತಡೆದು, ಆನ್ ಮಾಡಿ ಮತ್ತೆ ಪ್ರಯತ್ನಿಸಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಬಿದ್ದು ಲಾಗರ್ ರೀಸೆಟ್ ಆಗುವುದೂ ಉಂಟು. ಎಂಜಿನ್ ಚಾಲೂ ಆದ ಮೇಲೆ ಕನೆಕ್ಟ್ ಮಾಡುವುದು ಒಳ್ಳೆಯದು.

ಇದೇ ವಯಸ್ಸಿನ ಗಾಡಿ ಇಟ್ಟುಕೊಂಡು, ಒಂದು ಸಲವೂ ಸೇರದವರಿಗೆ ಒಂದು ವಿಷಯ. 2010ರಲ್ಲಿ ಬಿಎಸ್ 4 (ಹೊಗೆ ಮಾಲಿನ್ಯದ ನಿಯಮ) ಬಂದಾಗ ಮೊದಲು ಬೆಂಗಳೂರಿನಂಥ ದೊಡ್ಡ ನಗರಗಳಿಗೆ ಬಂತು, ದೇಶಕ್ಕೆಲ್ಲ ಬಂದದ್ದು 2017ರಲ್ಲಿ. ಬಿಎಸ್ 4 ಗಾಡಿಗಳಿಗೆ ಓಬಿಡಿ 2 (ಎಂಜಿನ್ ದೋಷ ಗುರುತಿಸಿ ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದೂ 2013ರಲ್ಲೇ. ಹೀಗಾಗಿ ನಮ್ಮ ಕಡೆಯ ಹಳೆಯ ಬಿಎಸ್ 3 ಕಾರುಗಳಲ್ಲಿ 16 ಪಿನ್ ಕಪ್ಲರ್ ಇದ್ದರೂ, ಒಳಗೆ ಕಂಪನಿಯ ಸ್ವಂತ ಭಾಷೆ ಮಾತ್ರ ಇರಬಹುದು. ಅಂಥದ್ದಕ್ಕೆ ಈ ಲಾಗರ್ ಎಷ್ಟು ಜಗ್ಗಿದರೂ ಬಾಯಿ ಬಿಡುವುದಿಲ್ಲ. ನಿಮಗೆ ಈ ಚಿಂತೆ ಇಲ್ಲ.

ಸಂಪರ್ಕ ಕಟ್ ಆಗದೆ ಗಟ್ಟಿಯಾದ ಮೇಲೆ ಆ್ಯಪ್‌ನಲ್ಲಿ ಹತ್ತಾರು ಮೀಟರ್ ತೆರೆದಿಡಬೇಡಿ. ಕೆ-ಲೈನ್ ಓಡುವುದೇ ಸೆಕೆಂಡಿಗೆ 10,400 ಬಿಟ್ ವೇಗದಲ್ಲಿ, ಮೇಲೆ ಪ್ರತಿ ಪ್ರಶ್ನೆಗೂ ನಡುವೆ ಬಿಡುವು ಬೇಕು. ನಿಮಗೆ ಬೇಕಾದದ್ದು ಮೈಲೇಜ್ ಲೆಕ್ಕ ಅಲ್ವಾ? ಸ್ಪೀಡ್, ಆರ್‌ಪಿಎಂ, ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಯ ಒತ್ತಡ), ಒಳಗೆ ಹೋಗುವ ಗಾಳಿಯ ಉಷ್ಣತೆ, ಈ ನಾಲ್ಕು ಸಾಕು. ಗಾಳಿಯ ಅಳತೆಯ ಮ್ಯಾಫ್ ಸೆನ್ಸರ್ ಇಲ್ಲದ ಕಾರಿನಲ್ಲಿ ಅದನ್ನು ಕೇಳಿದರೆ 'ನೋ ಡೇಟಾ' ಬರುತ್ತದೆ. ಅದು ಕನೆಕ್ಷನ್ ತೊಂದರೆ ಅಲ್ಲ.

ಪಿನ್ 4, 5 ಮತ್ತು 7ರ ಅಳತೆ ಬರೆದು ತಿಳಿಸಿ, ಹೆಡ್‌ಲೈಟ್ ಆನ್ ಇದ್ದಾಗಿನದು. ಮೂರೂ ಸರಿ ಇದ್ದು, ಪೋರ್ಟ್ ಹಿಂದೆ ಏನೂ ಸಿಗದೆ, ಸ್ಕ್ರೀನ್ ಆನ್ ಇದ್ದರೂ ಕಟ್ ಆದರೆ, ಆಗ ಪಿನ್ 7ರಿಂದ ಇಸಿಎಂ ಕಪ್ಲರ್ ತನಕದ ತಂತಿ ನೋಡೋಣ.