ಸಮಕಾಲೀನ ನೃತ್ಯದಲ್ಲಿ ಒಬ್ಬರ ಮೇಲೊಬ್ಬರು ಬೀಳುವುದು, ಅಪ್ಪುವುದು, ಎತ್ತಿ ಒಗೆಯುವುದು ಎಲ್ಲ ನಿಜವೇ, ನಟನೆಯೇ?

ಬೀಳುವುದು ನಿಜ. ಆದರೆ ಅದು ಆ ಗಳಿಗೆಯಲ್ಲಿ ಉಕ್ಕಿ ಬಂದ ಭಾವ ಎಂದುಕೊಂಡಿದ್ದರೆ, ಅಲ್ಲ.

ನಾನು ಭರತನಾಟ್ಯ ಕಲಿತು ಆಮೇಲೆ ಇತ್ತ ಬಂದವಳು. ನಮ್ಮಲ್ಲಿ ಆಲಿಂಗನಕ್ಕೆ ಇನ್ನೊಂದು ದೇಹವೇ ಬೇಡ. ತೋಳುಗಳನ್ನು ಎದೆಯ ಮುಂದೆ ಅಡ್ಡ ಹಾಯಿಸಿ ಉತ್ಸಂಗ ಹಸ್ತ ಹಿಡಿದರೆ ಸಾಕು, ನಾಯಕ ಬಂದೇ ಬಿಟ್ಟ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಹಾಗಾಗಿ ಮುಟ್ಟಿದರೆ ಸತ್ಯ, ಮುಟ್ಟದಿದ್ದರೆ ನಟನೆ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ನೃತ್ಯ ಸಂಯೋಜಕಿ ಪೀನಾ ಬೌಷ್ ಅವರ ‘ಕಫೆ ಮ್ಯೂಲರ್’ ನೋಡಿ. 1978ರಲ್ಲಿ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಮೊದಲು ಪ್ರದರ್ಶನವಾದ ಕೃತಿ. ಅದರಲ್ಲಿ ಒಂದು ಗಂಡು, ಒಂದು ಹೆಣ್ಣು ಬಿಗಿಯಾಗಿ ಅಪ್ಪಿಕೊಂಡು ನಿಂತಿರುತ್ತಾರೆ. ಮೂರನೆಯವನೊಬ್ಬ ಬಂದು ಅವರ ಕೈಗಳನ್ನು ಬಿಡಿಸುತ್ತಾನೆ, ತುಟಿಗೆ ತುಟಿ ಸೇರಿಸುತ್ತಾನೆ, ಅವಳನ್ನು ಎತ್ತಿ ಆ ಗಂಡಿನ ತೋಳುಗಳಲ್ಲಿ ಮಲಗಿಸಿ ಹೊರಡುತ್ತಾನೆ. ಗಂಡಿನ ತೋಳು ಸಡಿಲವಾಗುತ್ತದೆ, ಅವಳು ನೆಲಕ್ಕೆ ಬೀಳುತ್ತಾಳೆ, ತಟಕ್ಕನೆ ಎದ್ದು ಮತ್ತೆ ಅಪ್ಪುತ್ತಾಳೆ. ಇದೇ ಮರುಕಳಿಸುತ್ತ, ವೇಗ ಹೆಚ್ಚುತ್ತ, ಕೊನೆಗೆ ಮೂರನೆಯವನು ಇಲ್ಲದೆಯೂ ಇಬ್ಬರೂ ಅದನ್ನೇ ಮಾಡತೊಡಗುತ್ತಾರೆ. ಒಂದೊಂದು ಹೆಜ್ಜೆಯೂ ಮೊದಲೇ ಗೊತ್ತುಪಡಿಸಿದ್ದು. ಆದರೆ ಏದುಸಿರನ್ನು ಯಾರೂ ನಟಿಸುತ್ತಿಲ್ಲ, ನೆಲಕ್ಕೆ ಬಿದ್ದ ಸದ್ದನ್ನೂ ಅಷ್ಟೆ.

ಹೆಜ್ಜೆಗಳನ್ನು ಮೊದಲೇ ಗೊತ್ತುಪಡಿಸದೆ ಮಾಡುವುದೂ ಇದೆ: ಕಾಂಟ್ಯಾಕ್ಟ್ ಇಂಪ್ರೊವೈಸೇಷನ್, ಅಂದರೆ ಮೈಗೆ ಮೈ ತಾಗಿಸಿ, ಒಬ್ಬರ ತೂಕ ಇನ್ನೊಬ್ಬರು ಹೊತ್ತು ಆಡುವ ಆಶು ನೃತ್ಯ. ಐಕಿಡೊ ಎಂಬ ಜಪಾನಿ ಸಮರಕಲೆಯ ಅಭ್ಯಾಸವಿದ್ದ ಅಮೆರಿಕದ ನರ್ತಕ ಸ್ಟೀವ್ ಪ್ಯಾಕ್ಸ್‌ಟನ್ 1972ರಲ್ಲಿ ಓಬರ್ಲಿನ್ ಕಾಲೇಜಿನಲ್ಲಿ ಗಂಡಸರ ಗುಂಪೊಂದನ್ನು ಕುಸ್ತಿಯ ಮ್ಯಾಟ್ ಮೇಲೆ ಇಳಿಸಿ ಢಿಕ್ಕಿ ಹೊಡೆಸಿದ, ಉರುಳಿಸಿದ. ಇದು ಬೆಳೆದದ್ದು ಅಲ್ಲಿಂದ. ತರಗತಿಯಲ್ಲಿ ಭಾವದ ಮಾತೇ ಬರುವುದಿಲ್ಲ, ಬರುವುದೆಲ್ಲ ತೂಕದ ಮಾತು. ಜೊತೆಗಾರರನ್ನು ಕೈಯಿಂದ ಎತ್ತುವುದಲ್ಲ, ಮಂಡಿ ಬಾಗಿಸಿ ನಮ್ಮ ಸೊಂಟವನ್ನು ಅವರ ಸೊಂಟದ ಕೆಳಗೆ ತರುವುದು. ಹಿಡಿದುಕೊಳ್ಳಬಾರದು, ಹಿಡಿದರೆ ಬೀಳುವವರಿಗೆ ಕೈಯೂರಲು ಆಗುವುದಿಲ್ಲ. ಬಿದ್ದರೆ ಮಂಡಿಯ ಚಿಪ್ಪಿನ ಮೇಲಲ್ಲ. ಮೀನಖಂಡದ ಹೊರಬದಿ, ತೊಡೆ, ಪೃಷ್ಠ, ಬೆನ್ನು ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗಬೇಕು. ಯಾರಾದರೂ ಅರ್ಧ ತೂಕವನ್ನು ತಮ್ಮಲ್ಲೇ ಉಳಿಸಿಕೊಂಡು ಒರಗಿದರೆ ಕೆಳಗಿದ್ದವರ ಬೆನ್ನಿಗೆ ಅದು ಕೂಡಲೇ ತಿಳಿಯುತ್ತದೆ. ನೀವು ಹುಡುಕುತ್ತಿರುವ ನಿಜ ಇದೇ ಎಂದು ನನಗನ್ನಿಸುತ್ತದೆ. (ಶೃಂಗಾರ ಹುಟ್ಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮುಂದಿನ ಕಾಲು ಎಲ್ಲಿ ಇಡಬೇಕೆಂಬ ಚಿಂತೆಯಲ್ಲಿ ಅದಕ್ಕೆ ಪುರುಸೊತ್ತೇ ಇರುವುದಿಲ್ಲ.)

ಆರಂಭದ ವರ್ಷಗಳಲ್ಲಿ, ಸರಿಯಾಗಿ ಕಲಿಯದೆ ಮಾಡಿ ಪೆಟ್ಟು ತಿಂದವರ ಸುದ್ದಿ ಬರತೊಡಗಿದಾಗ, ‘ಕಾಂಟ್ಯಾಕ್ಟ್ ಇಂಪ್ರೊವೈಸೇಷನ್’ ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಪಡೆಯುವ ಯೋಚನೆ ಪ್ಯಾಕ್ಸ್‌ಟನ್ ಮತ್ತು ಜೊತೆಗಾರರಲ್ಲಿ ಬಂದಿತ್ತು. ಕಲಿಸುವವರ ಮೇಲೆ ಕಣ್ಣಿಡುವ ಪೊಲೀಸರ ಕೆಲಸ ತಮಗೆ ಬೇಡವೆಂದು ಅದನ್ನು ಬಿಟ್ಟು, 1975ರಲ್ಲಿ ಪರಸ್ಪರ ಅನುಭವ ಹಂಚಿಕೊಳ್ಳಲು ಒಂದು ಪತ್ರಿಕೆ ಶುರುಮಾಡಿದರು. ಅಂದರೆ ಇಂದು ಯಾರು ಬೇಕಾದರೂ ಬೋರ್ಡು ಹಾಕಿ ಕಲಿಸಬಹುದು. ನೀವು ಸೇರುವ ಯೋಚನೆಯಲ್ಲಿದ್ದರೆ ಮೊದಲ ತರಗತಿಯಲ್ಲಿ ಏನು ಹೇಳಿಕೊಡುತ್ತಾರೆಂದು ಗಮನಿಸಿ. ಬೀಳುವುದನ್ನು ಕಲಿಸುವ ಮೊದಲೇ, ಬೇಡವೆನ್ನಲು ಅವಕಾಶ ಕೊಡುವ ಮೊದಲೇ ‘ಸಂಕೋಚ ಬಿಡಿ, ನಿಜವಾಗಿರಿ’ ಎಂದರೆ ಚಪ್ಪಲಿ ಮೆಟ್ಟಿ ಹೊರಟುಬಿಡಿ.