ಜೈಲು ಸಿಬ್ಬಂದಿ ಹೊಡೆದರೆ ಕೈದಿ ಪರಿಹಾರ ಕೇಳಬಹುದೇ?

ಕೇಳಬಹುದು. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ (ಹಕ್ಕಿನ ರಕ್ಷಣೆ ಕೋರುವ ಅರ್ಜಿ) ಹಾಕಿ, ಸರ್ಕಾರವನ್ನೇ ಪ್ರತಿವಾದಿ ಮಾಡಿ. ನೀಲಬತಿ ಬೆಹೆರಾ ಪ್ರಕರಣದಲ್ಲಿ (1993) ಪೊಲೀಸ್ ಕಸ್ಟಡಿ ಸಾವಿಗೆ ಸುಪ್ರೀಂ ಕೋರ್ಟ್ 1.5 ಲಕ್ಷ ರೂಪಾಯಿ ಕೊಡಿಸಿತ್ತು.

ಇಂಥ ಕೇಸು ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷ್ಯವಿಲ್ಲದೆ. ಬಾಸುಂಡೆ ಕೆಲವೇ ದಿನಗಳಲ್ಲಿ ಮಾಸುತ್ತದೆ. ಅಂದೇ ಜೈಲು ವೈದ್ಯರಿಗೆ ತೋರಿಸಿ, ಗಾಯ ಎಲ್ಲಿ, ಎಷ್ಟುದ್ದ, ಯಾವ ಬಣ್ಣ ಎಂದು ಬರೆಸಬೇಕು. ‘ಜಾರಿ ಬಿದ್ದ’ ಎಂದು ಬರೆದುಬಿಟ್ಟರೆ (ಬರೆಯುವುದುಂಟು!) ಮುಂದಿನ ಹಾಜರಿಯಲ್ಲಿ, ಅದು ವಿಡಿಯೊದಲ್ಲಾದರೂ ಸರಿ, ನ್ಯಾಯಾಧೀಶರಿಗೇ ಗಾಯ ತೋರಿಸಿ ದಾಖಲಿಸಲು ಕೇಳಿ. ಸಿಸಿಟಿವಿ ದೃಶ್ಯ ಅಳಿಸದಂತೆ ಮನೆಯವರು ಕೂಡಲೇ ಲಿಖಿತ ಅರ್ಜಿ ಕೊಡಲಿ.

ವಕೀಲರಿಗೆ ದುಡ್ಡಿಲ್ಲವೇ? ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲ. ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬೇಕು, ಆದರೆ ಅದು ಶಿಫಾರಸಷ್ಟೇ ಮಾಡಬಲ್ಲದು.