ಬ್ರೇಕ್ ಪ್ಯಾಡ್ ಜೊತೆ ಡಿಸ್ಕ್, ಕ್ಯಾಲಿಪರ್ ಕೂಡ ಬದಲಿಸಲೇಬೇಕಾ?

ಪ್ಯಾಡ್ ಸವೆದಿದೆ ಅಂದ ಮಾತ್ರಕ್ಕೆ ಚಕ್ರದ ಜೊತೆ ತಿರುಗುವ ಡಿಸ್ಕ್, ಅದಕ್ಕೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಎಲ್ಲವನ್ನೂ ಬದಲಿಸಬೇಕಿಲ್ಲ. ಮೊದಲು ಚಕ್ರ ಬಿಚ್ಚಿಸಿ, ನೀವೇ ಕಣ್ಣಾರೆ ನೋಡಿ. ಲೋಹದ ತಟ್ಟೆ ಬಿಟ್ಟು ಪ್ಯಾಡಿನ ಉಜ್ಜುವ ಪದರ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ, ಎಡ ಬಲ ಎರಡೂ ಕಡೆ ಒಟ್ಟಿಗೆ. ಒಳಗಿನ ಪ್ಯಾಡನ್ನು ತಪ್ಪದೆ ನೋಡಿ. ಹೊರಗಿನದು ದಪ್ಪಗಿದ್ದು ಅದೊಂದೇ ತೆಳ್ಳಗಾಗಿದ್ದರೆ ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ಬಿಗಿದುಕೊಂಡಿರಬಹುದು. ಎಷ್ಟೋ ಸಲ ಪಿನ್ ಕ್ಲೀನ್ ಮಾಡಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿದರೆ ಸಾಕು. ಸುಮ್ನೆ ಇಡೀ ಕ್ಯಾಲಿಪರ್ ಬದಲಿಸುವುದು ದುಡ್ಡು ದಂಡ. ಆದರೆ ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಹತ್ತಿರ ಬ್ರೇಕ್ ಆಯಿಲ್ ಸೋರುತ್ತಿದ್ದರೆ ರಿಪೇರಿ ಆಗುವವರೆಗೆ ಗಾಡಿ ಓಡಿಸಲೇಬೇಡಿ.

ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಈಗ ಎಷ್ಟು ದಪ್ಪ ಉಳಿದಿದೆ, ಅಳೆದು ತೋರಿಸಿ ಅಂತ ಮೆಕ್ಯಾನಿಕ್‌ನನ್ನು ಕೇಳಿ. ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕಾರು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.